ಇಂಜಿನ್ನಿಗೆ ಮುಡಿಸಿದ ಮಲ್ಲಿಗೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕೊಟ್ಟೂರಿನ ಬಜಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇರಲಿ, ಸಿಟ್ಟು ಹೇಗೋ ಇಳಿಯುತ್ತದೆ. ಆದರೆ ನಾನು ಆಡಿದ ಒಂದು ಸುಳ್ಳು ಒಂದು ವರ್ಷದಿಂದ ಐದು ತಾಲ್ಲೂಕು ಸುತ್ತುತ್ತಾ ಇದೆ. ಅದನ್ನು ವಾಪಸು ಹಿಡಿದು ತರುವುದು ನನ್ನ ಕೈಯಲ್ಲಿ ಆಗುತ್ತಿಲ್ಲ.

ನನ್ನದು ಪೈಪು ಮತ್ತು ಬೋರಿನ ಮೋಟಾರುಗಳ ಅಂಗಡಿ. ವಯಸ್ಸು ನಲವತ್ತಾರು ದಾಟಿದ ಮೇಲೆ ನನಗೊಂದು ಹುಚ್ಚು ಹತ್ತಿತು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಒಂದು ಕೆಂಪು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದೆ. ಅವ್ವ ಬಾಗಿಲಿಗೆ ಬಂದು ಸುತ್ತಲೂ ನೋಡಿ, "ಇದೇನೋ ಯಪ್ಪಾ, ಗಾಡಿನೋ ಚಪ್ಪಲಿನೋ?" ಅಂದಳು. ನಾನು ನಕ್ಕೆ. ನಮ್ಮೂರಿನ ಒಂದೊಂದು ಹಂಪ್ ದಾಟುವಾಗಲೂ ಕಾರಿನ ಹೊಟ್ಟೆ ಕೆರೆದು ಕಿರ್ರೆಂದಾಗ ನನ್ನ ಹೊಟ್ಟೆಯೇ ಕೆರೆದಂತಾಗುತ್ತಿತ್ತು. ಆದರೂ ಬಜಾರಿನಲ್ಲಿ ಹೋಗುವಾಗ ಜನ ಚಾ ಲೋಟ ಕೈಯಲ್ಲೇ ಹಿಡಿದು ನಿಂತು ನೋಡುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು ನನಗೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಗೊಬ್ಬರದ ಅಂಗಡಿಯವನು, ಶಾಲೆಯಿಂದ ಒಂದೇ ಬೆಂಚಿನವರು. ಅವನ ಹತ್ತಿರ ಡೀಸೆಲ್ಲಿನ ದೊಡ್ಡ ಗಾಡಿ ಇದೆ. ಒಂದು ದಿನ ಕೂಡ್ಲಿಗಿ ಹತ್ತಿರ ಹೈವೇಯಲ್ಲಿ ಅವನು ನನ್ನ ಕೆಂಪು ಕಾರನ್ನು ಹಿಂದೆ ಹಾಕಿ, ಹಾರ್ನ್ ಹೊಡೆದು, ಕೈ ಬೀಸಿ ಹೋದ. ಸಂಜೆ ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಚಾದಂಗಡಿಯಲ್ಲಿ ಎಲ್ಲರ ಮುಂದೆ ಶುರು ಹಚ್ಚಿಕೊಂಡ.

"ಏನಲೇ, ನೋಡಾಕ ಹುಲಿ, ಓಡಾಕ ಇಲಿ ಆತಲ್ಲಲೇ ನಿನ್ನ ಗಾಡಿ!"

ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ ಕುದಿಯುತ್ತಿತ್ತು. ಆ ರಾತ್ರಿಯೇ ತೀರ್ಮಾನ ಮಾಡಿದೆ, ಏನಾದರೂ ಆಗಲಿ, ಈ ಇಂಜಿನ್ನಿಗೆ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್ ಕೂಡಿಸಿಯೇ ತೀರಬೇಕು.

ಅದನ್ನು ಕೂಡಿಸಲು ಬೆಂಗಳೂರಿಗೆ ಹೋಗಬೇಕು ಅಂದುಕೊಂಡಿದ್ದೆ. ಆಗ ಗೊತ್ತಾದದ್ದು, ಹರಪನಹಳ್ಳಿಯ ಹೊರಗಿನ ರಸ್ತೆಯಲ್ಲೇ ಒಬ್ಬ ಮೇಸ್ತ್ರಿ ಶೆಡ್ಡು ಹಾಕಿದ್ದಾನೆ ಎಂದು. ಉಚ್ಚಂಗಿದುರ್ಗದ ಕೆಳಗಿನ ಒಂದು ಹಳ್ಳಿಯವನು, ಕುರಿ ಸಾಕುವ ಮನೆತನ. ಹನ್ನೆರಡು ವರ್ಷ ಕೊಯಮತ್ತೂರಿನಲ್ಲಿ ರೇಸ್ ಕಾರುಗಳ ಇಂಜಿನ್ ಕಟ್ಟುತ್ತಿದ್ದವನು, ಸ್ವಂತದ್ದೊಂದು ಮಾಡಬೇಕೆಂದು ತನ್ನ ಸೀಮೆಗೆ ವಾಪಸು ಬಂದಿದ್ದ. ವಯಸ್ಸು ಮೂವತ್ತೈದರ ಆಸುಪಾಸು. ಶೆಡ್ಡಿನ ಮೇಲೆ ನೀಲಿ ಬಣ್ಣದಲ್ಲಿ 'ಪರ್ಫಾರ್ಮೆನ್ಸ್ ವರ್ಕ್ಸ್' ಅಂತ ಬರೆಸಿದ್ದ. ನಮ್ಮ ಸೀಮೆಯಲ್ಲಿ ಆ ಬೋರ್ಡು ಓದಿ ಒಳಗೆ ಹೋಗುವವರು ಯಾರು? ಬರುತ್ತಿದ್ದದ್ದು ಹಳೇ ಜೀಪು, ಬುಲೆಟ್ಟು ಅಷ್ಟೇ. ನನ್ನ ಕಾರು ಅವನ ಶೆಡ್ಡಿಗೆ ಬಂದ ಮೊದಲ ದೊಡ್ಡ ಕೆಲಸ.

ಅವನೇ ಹೇಳಿದ, "ಅಣ್ಣಾರ, ನಿಮ್ಮ ಗಾಡಿ ಈ ರೋಡಿನಾಗ ಓಡ್ಯಾಡಿದ್ರ ಸಾಕ್ರಿ. ಅದ ನನ್ನ ಬೋರ್ಡು."

ಪೆಟ್ಟಿಗೆಯಲ್ಲಿ ಸಾಮಾನು ಬಂತು. ಕೆಲಸ ಮೂರು ವಾರ ನಡೆಯಿತು. ನಾನು ಎರಡು ದಿನಕ್ಕೊಮ್ಮೆ ಹೋಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಅವನದು ಮಾತು ಕಡಿಮೆ. ಪ್ರತಿ ಬೋಲ್ಟನ್ನೂ ಅಳತೆಯ ಸ್ಪ್ಯಾನರಿನಿಂದ ಬಿಗಿದು, ಅದು ಟಕ್ ಅಂದ ಮೇಲೆ ಅದರ ತಲೆಯಿಂದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಯಾಕೆ ಅಂತ ಕೇಳಿದೆ. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ ಅಂದ. ಆ ಸೂಪರ್‌ಚಾರ್ಜರ್ ಏನು ಮಾಡುತ್ತದೆ ಅನ್ನುವುದನ್ನೂ ಅವನು ನನಗೆ ತಿಳಿಯುವ ಹಾಗೆ ಹೇಳಿದ.

"ಇದು ಕಮ್ಮಾರರ ತಿದಿ ಇದ್ದಂಗ್ರಿ. ಇಂಜಿನ್ ಒಳಗ ಗಾಳಿ ತುರುಕತೈತಿ, ಬೆಂಕಿ ಜೋರಾಗತೈತಿ. ತಿದಿ ಒತ್ತಾಕ ಒಬ್ಬರು ಬೇಕಲ್ರಿ? ಅದಕ್ಕ ಈ ಬೆಲ್ಟು. ನೀರಿನ ಪಂಪೂ ಇದ ಬೆಲ್ಟಿಗೆ ತಿರಗತೈತಿ. ಬೆಲ್ಟ್ ಹೋದ್ರ ನೀರು ನಿಂತ್ಹೋಗಿ ಇಂಜಿನ್ ಕುದ್ದು ಹೋಗತೈತಿ."

ಕೊನೆಗೆ ಉಚ್ಚಂಗಿದುರ್ಗದ ರಸ್ತೆಯಲ್ಲಿ ನನ್ನನ್ನು ಓಡಿಸಲು ಹಚ್ಚಿ, ತಾನು ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾರಿನ ಕಂಪ್ಯೂಟರಿಗೆ ಏನೇನೋ ತುಂಬಿದ. ಅರ್ಧ ದಿನ ಅದೇ ರಸ್ತೆ, ಅದೇ ತಿರುವು. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಯವ್ವಾ! ಮದುವೆಯ ದಿನವೂ ಅಷ್ಟು ಖುಷಿ ಆಗಿರಲಿಲ್ಲ ನನಗೆ. ಮರುದಿನ ಅವನೇ ಕಾರನ್ನು ಕೊಟ್ಟೂರಿಗೆ ತಂದು ಮನೆ ಮುಂದೆ ನಿಲ್ಲಿಸಿದ. ಅವ್ವ ಅವನನ್ನು ಹಾಗೇ ಕಳಿಸಲಿಲ್ಲ. ಕೂಡಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅವನ ತಾಯಿ ತೀರಿಹೋಗಿದ್ದಾಳೆಂದು ತಿಳಿದು ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ, ತಲೆ ಬಗ್ಗಿಸಿ ತಿಂದ.

ಹೊರಡುವಾಗ ಕಾರಿನ ಹತ್ತಿರ ನಿಂತು ಹೇಳಿದ, "ಅಣ್ಣಾರ, ಬಾನೆಟ್ ಒಳಗ ಏನೂ ಇಡಬ್ಯಾಡ್ರಿ. ಒರಸೋ ಬಟ್ಟಿ ಸೈತ ಬ್ಯಾಡ. ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಬಂತಂದ್ರ ಅಲ್ಲೇ ನಿಂದ್ರಿಸ್ರಿ. ನನಗ ಫೋನ್ ಹಚ್ರಿ."

"ದಿನಾ ಮೋಟಾರು ಮಾರಾವ ನಾನು. ನನಗ ಹೇಳಿಕೊಡ್ತಿಯೇನಪಾ?" ಅಂದೆ. ಅವನು ನಕ್ಕು ಹೋದ.

ನಾಲ್ಕು ದಿನಕ್ಕೆ ಆಯುಧ ಪೂಜೆ ಬಂತು. ಅವ್ವನ ತವರು ಮಲ್ಲಿಗೆಗೆ ಹೆಸರಾದ ಹಡಗಲಿ. ಮಲ್ಲಿಗೆ ಕಟ್ಟುವುದೆಂದರೆ ಅವಳಿಗೆ ಉಸಿರಾಡಿದಷ್ಟು ಸಲೀಸು. ದಾರವನ್ನು ಎರಡೆಳೆ ಮಾಡಿ ಹುರಿ ಹಾಕಿ, ಒಂದೊಂದು ಗಂಟನ್ನೂ ಜಗ್ಗಿ ನೋಡಿ ಬಿಗಿಯುತ್ತಾಳೆ. ಹಡಗಲಿಯವರು ಕಟ್ಟಿದ ಮಾಲೆಯಲ್ಲಿ ಹೂವು ಒಣಗಿದರೂ ಉದುರುವುದಿಲ್ಲ ಅನ್ನುವುದು ಅವಳ ಹೆಮ್ಮೆ. ಆ ವರ್ಷ ಕಾರಿಗೆಂದು ಎರಡು ಮಾರು ಕಟ್ಟಿ ನನ್ನ ಕೈಗೆ ಕೊಟ್ಟು, "ಮುಂದ ಹಾಕೋ, ಚೆಂದ ಕಾಣತೈತಿ" ಅಂದಳು. ಮುಂದೆ, ಅಂದರೆ ಬಾನೆಟ್ಟಿನ ಮೇಲೆ. ಅವಳು ಹೇಳಿದ್ದು ಅಷ್ಟೇ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ.

ನಾನು ಬಾನೆಟ್ ಎತ್ತಿದೆ. ಅಪ್ಪನಿಗೆ ಲಾರಿ ಇತ್ತು, ಅವನು ಪ್ರತಿ ವರ್ಷ ಇಂಜಿನ್ನಿನ ನೆತ್ತಿಯ ಮೇಲೆಯೇ ಹೂವು ಇಡುತ್ತಿದ್ದ. ಆ ಹಳೇ ಲಾರಿಯ ಇಂಜಿನ್ನಿನ ಸುತ್ತ ಒಂದು ಎಮ್ಮೆ ಕಟ್ಟುವಷ್ಟು ಜಾಗ ಇರುತ್ತಿತ್ತು. ನನ್ನ ಕಾರಿನಲ್ಲಿ ಬೆರಳು ತೂರಿಸಲೂ ಜಾಗವಿಲ್ಲ. ಆದರೆ ಥಳಥಳಿಸುವ ಆ ಹೊಸ ಸೂಪರ್‌ಚಾರ್ಜರ್ ಫೋಟೋದಲ್ಲಿ ಹೂವಿನ ಸಮೇತ ಕಾಣಬೇಕು, ಗೊಬ್ಬರದಂಗಡಿಯವನಿಗೆ ಕಳಿಸಬೇಕು! ಮಾಲೆಯನ್ನು ಅದರ ಕೊರಳಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಒಂದು ಪೈಪಿಗೆ ಕಟ್ಟಿ, ಫೋಟೋ ತೆಗೆದೆ. ಅವನನ್ನು ಹಿಂದೆ ಹಾಕಿದ ಮೇಲೆ ಕಳಿಸೋಣವೆಂದು ಇಟ್ಟುಕೊಂಡೆ. ಪೂಜೆಯ ಹೂವನ್ನು ನಮ್ಮಲ್ಲಿ ಕೈಯಾರೆ ಕೀಳುವುದಿಲ್ಲ, ತಾನಾಗಿ ಬಾಡಿ ಬಿದ್ದುಹೋಗಬೇಕು. ಹಾಗೆಯೇ ಬಾನೆಟ್ ಮುಚ್ಚಿದೆ. ಮೇಸ್ತ್ರಿಯ ಮಾತು ನೆನಪಿಗೆ ಬಂತು. ಬಂದೇ ಬಂತು, ಸುಳ್ಳು ಯಾಕೆ ಹೇಳಲಿ. 'ಅವ ಅಂದಿದ್ದು ಬಟ್ಟಿ, ಇದು ದೇವರ ಹೂವು' ಅಂದುಕೊಂಡೆ.

ಅದೇ ಮಧ್ಯಾಹ್ನ ಕೂಡ್ಲಿಗಿ ಹೈವೇಯಲ್ಲಿ ಪಂದ್ಯ ಕಟ್ಟಿದೆವು, ನಾನು ಕೆಂಪು ಕಾರಿನಲ್ಲಿ, ಗೆಳೆಯ ತನ್ನ ದೊಡ್ಡ ಗಾಡಿಯಲ್ಲಿ. ಅವನ ಗಾಡಿಯ ತುಂಬ ಚಾದಂಗಡಿಯ ಮಂದಿ. ನಾನು ಕಾಲು ಒತ್ತಿದೆ. ಅವನ ಗಾಡಿ ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಯಿತು. ಸ್ಟೀರಿಂಗಿಗೆ ಗುದ್ದಿ ಒಬ್ಬನೇ ಕೂಗಾಡಿದೆ. ಆಗ ಮುಂದಿನಿಂದ ಪಟ್ ಅಂತ ಒಂದು ಸದ್ದು ಬಂತು, ಬಾಗಿಲಿಗೆ ಚಪ್ಪಲಿ ಬೀಸಿದ ಹಾಗೆ. ಸ್ಟೀರಿಂಗು ಬಿಗಿಯಾಯಿತು. ಸ್ವಲ್ಪ ಹೊತ್ತಿಗೆ ಬಿಸಿಯ ಮುಳ್ಳು ಏರಲು ಶುರುವಾಯಿತು, ಕೆಂಪಿಗೆ ಬಂತು.

ನಾನು ಅದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನು ಹಾರ್ನ್ ಹೊಡೆದು ಮುಂದೆ ಹೋಗುತ್ತಾನಲ್ಲ! ಇನ್ನೂ ಮೂರು ನಾಲ್ಕು ಕಿಲೋಮೀಟರು ಹಾಗೇ ಓಡಿಸಿದೆ. ಬಾನೆಟ್ಟಿನಿಂದ ಹೊಗೆ ಎದ್ದು ಮುಂದೆ ಏನೂ ಕಾಣದಾದಾಗ ಬದಿಗೆ ಹಾಕಿದೆ.

ಬಾನೆಟ್ ಎತ್ತಿದರೆ ಬೆಂದ ಮಲ್ಲಿಗೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಬೆಲ್ಟು ಹರಿದು ಕೆಳಗೆ ಜೋತಿತ್ತು. ಅದನ್ನು ತಿರುಗಿಸುವ ಪುಲ್ಲಿಯ ಗಾಲಿಗೆ ಅವ್ವನ ಎರಡೆಳೆ ದಾರ ಸುತ್ತಿ ಸುತ್ತಿ ಗಟ್ಟಿ ಉಂಡೆಯಾಗಿತ್ತು. ಹಳದಿ ಗೆರೆಗಳು ಮಾತ್ರ ಒಂದೂ ಕದಲಿರಲಿಲ್ಲ, ಎಲ್ಲವೂ ನೆಟ್ಟಗೆ ಇದ್ದವು. ಗೆಳೆಯನ ಗಾಡಿ ದೂರದಲ್ಲಿ ಬರುತ್ತಿತ್ತು. ಕೈ ಸುಟ್ಟರೂ ಬಿಡದೆ ಆ ದಾರವನ್ನು ಎಳೆದು, ಕಿತ್ತು, ರಸ್ತೆ ಬದಿಯ ಜಾಲಿ ಪೊದೆಗೆ ಎಸೆದೆ. ಪೂಜೆಯ ಹೂವನ್ನು ಕೈಯಾರೆ ಕಿತ್ತದ್ದು ಆಗ.

ಗೆಳೆಯ ಇಳಿದು ಬಂದ. "ಏನಾತಲೇ?"

ಬಾಯಿಗೆ ಮಾತು ಮೊದಲು ಬಂತು, ಬುದ್ಧಿ ಆಮೇಲೆ. "ಬೆಲ್ಟ್ ಸರಿ ಕೂಡಸಿಲ್ಲಲೇ, ಆ ಹರಪನಹಳ್ಳಿ ಮೇಸ್ತ್ರಿ."

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ. ಕಾರನ್ನು ಎಳೆಸಿಕೊಂಡು ಊರಿಗೆ ಬರುವ ಹೊತ್ತಿಗೆ ಆ ಸುಳ್ಳನ್ನು ನಾನೇ ಅರ್ಧ ನಂಬಿದ್ದೆ. ಫೋನ್ ಹಚ್ಚಿ ಅವನನ್ನು ಕರೆಸಿದೆ. ಮರುದಿನ ಬೆಳಿಗ್ಗೆ ಅವನು ಬಂದಾಗ ನಮ್ಮ ಮನೆ ಮುಂದೆ ಅರ್ಧ ಬಜಾರು ನೆರೆದಿತ್ತು. ಅಷ್ಟು ದಿನ ನಾನು ಅವನಿಗೆ ಪ್ರೀತಿಯಿಂದ 'ಅಪಾ' ಅನ್ನುತ್ತಿದ್ದವನು.

"ಕೊಯಮತ್ತೂರಾಗ ಇಂಜಿನ್ ಬಿಚ್ಚತಿದ್ದೆಯೋ, ಬರೇ ಕಸ ಹೊಡೀತಿದ್ದೆಯೋ ಲೇ?" ಅಂದೆ. ಜನ ನಕ್ಕರು. ಆ ನಗು ನನ್ನನ್ನು ಇನ್ನೂ ಏರಿಸಿತು. "ಕುರಿ ಕಾಯೋದು ಬಿಟ್ಟು ನಿನಗ್ಯಾಕಲೇ ಬೇಕಿತ್ತು ಇದು?"

ಇದನ್ನು ಬರೆಯುವಾಗ ನನ್ನ ಕಿವಿ ಸುಡುತ್ತಿದೆ. ಆಡುವಾಗ ಏನೂ ಸುಡಲಿಲ್ಲ.

ಅವನು ಬಾನೆಟ್ ಎತ್ತಿದ. ಒಂದೊಂದು ಹಳದಿ ಗೆರೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಬಗ್ಗಿ, ಸ್ಕ್ರೂಡ್ರೈವರಿನ ತುದಿಯಿಂದ ಗಾಲಿಯ ಸಂದಿಯೊಳಗಿಂದ ಏನನ್ನೋ ಕೆದಕಿ ತೆಗೆದ. ಕಂದು ಬಣ್ಣಕ್ಕೆ ತಿರುಗಿದ ಎರಡು ಎಸಳು, ಅವುಗಳ ಬುಡದಲ್ಲಿ ಒಂದು ಗಂಟು. ಅಂಗೈಯಲ್ಲಿಟ್ಟುಕೊಂಡು ಮೂಸಿದ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಹಿಂದೆ ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳ ಕಡೆಗೂ ನೋಡಿದ. ನಂತರ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ನನ್ನ ಕಡಿಂದ ಆಗೇತ್ರಿ. ನಾನ ಸರಿ ಮಾಡಿ ಕೊಡ್ತೀನಿ."

ಅವನಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. "ಬೇಗ ಮಾಡು" ಅಂದೆ, ಸಾಹೇಬನ ಹಾಗೆ.

ಕುದ್ದು ಸೊಟ್ಟಗಾಗಿದ್ದ ಇಂಜಿನ್ನಿನ ತಲೆಯನ್ನು ಅವನು ಬಿಚ್ಚಿ, ಸಪಾಟು ಮಾಡಿಸಿ, ಹೊಸ ಬೆಲ್ಟು ಹಾಕಿ ತಿಂಗಳೊಳಗೆ ತಂದುಕೊಟ್ಟ. ಕಾರು ಮೊದಲಿಗಿಂತ ಚೆನ್ನಾಗಿ ಓಡಿತು. ಅವ್ವ ಊಟಕ್ಕೆ ಕರೆದರೆ ಕೆಲಸ ಇದೆ ಅಂತ ಹೇಳಿ ಬಸ್ಸಿಗೆ ಹೋದ. ಗೊಬ್ಬರದಂಗಡಿಯ ಗೆಳೆಯ ತನ್ನ ಹಳೇ ಜೀಪನ್ನು ಅವನ ಹತ್ತಿರ ಬಿಡುವವನಿದ್ದ, ಬಿಡಲಿಲ್ಲ. ಕೂಡ್ಲಿಗಿಯವನೊಬ್ಬ, ಹಡಗಲಿಯವನೊಬ್ಬ ನನ್ನ ಅಂಗಡಿಗೇ ಬಂದು, "ಹೆಂಗ್ರಿ ಅವನ ಕೆಲಸ?" ಅಂತ ಕೇಳಿದರು. ನಾನು ಅಡ್ಡಡ್ಡ ತಲೆ ಅಲ್ಲಾಡಿಸಿದೆ, ಅಷ್ಟೇ. ಬಾಯಿ ಬಿಟ್ಟು ಏನೂ ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನವನ್ನೂ ಹೇಳಿಕೊಂಡೆ. ಥೂ! ಎಂಥ ಸಮಾಧಾನ ಅದು.

ಈ ವರ್ಷ ಮತ್ತೆ ಆಯುಧ ಪೂಜೆ ಹತ್ತಿರ ಬಂತು. ಅವ್ವ ಪಡಸಾಲೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು, ದಾರವನ್ನು ಹುರಿ ಮಾಡುತ್ತಾ ಕೇಳಿದಳು, "ಹೋದ ವರ್ಷದ ಮಾಲಿ ಎಷ್ಟು ದಿನ ಇತ್ತೋ ಗಾಡಿ ಮ್ಯಾಲೆ? ನಾನು ನೋಡಲೇ ಇಲ್ಲ."

ಚಪ್ಪಲಿ ಮೆಟ್ಟಿ ಹೊರಗೆ ಬಂದು ಸೀದಾ ಹರಪನಹಳ್ಳಿಗೆ ಹೋದೆ.

ಶೆಡ್ಡಿನ ಬೋರ್ಡಿಗೆ ಸುಣ್ಣ ಬಳಿದು, ಅದರ ಮೇಲೆ 'ಟ್ರ್ಯಾಕ್ಟರ್, ಸ್ಪ್ರೇ ಪಂಪು ರಿಪೇರಿ' ಎಂದು ಬರೆಸಿದ್ದ. ಸುಣ್ಣದ ಕೆಳಗಿನಿಂದ ನೀಲಿ ಅಕ್ಷರ ಇನ್ನೂ ತೆಳ್ಳಗೆ ಕಾಣುತ್ತಿತ್ತು. ಅವನು ಒಂದು ಟ್ರ್ಯಾಕ್ಟರಿನ ಬೋಲ್ಟು ಬಿಗಿದು ಹಳದಿ ಗೆರೆ ಎಳೆಯುತ್ತಿದ್ದ. ಟ್ರ್ಯಾಕ್ಟರಿಗೆ ಅದನ್ನು ಯಾರು ನೋಡುತ್ತಾರೆ? ನನ್ನನ್ನು ಕಂಡು ಎದ್ದು ನಿಂತು ಸ್ಟೂಲು ಸರಿಸಿದ. ನಾನು ಕೂಡಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮಾಲೆ ಒಳಗೆ ಕಟ್ಟಿದ್ದು, ಮುಳ್ಳು ಕೆಂಪಾದರೂ ಓಡಿಸಿದ್ದು, ದಾರ ಕಿತ್ತೆಸೆದದ್ದು.

"ಗೊತ್ತೈತ್ರಿ" ಅಂದ.

"ಮತ್ತ ಯಾಕ ಹೇಳಲಿಲ್ಲಪಾ ಅವತ್ತ? ಕೈಯಾಗ ಇತ್ತಲ್ಲ!"

"ಅವ್ವಾರು ಬಾಗಿಲದಾಗ ನಿಂತಿದ್ರು. ಆ ಗಂಟು ಅವರದು. ಅವರು ಕಟ್ಟಿದ ಪೂಜಿ ಹೂವಿನಿಂದ ಮಗನ ಗಾಡಿ ಕೆಟ್ಟೈತಿ ಅಂದ್ರ ಆ ಹಿರೇಜೀವ ತಡಕೊಂತಿತ್ತೇನ್ರಿ? ದೇವರು ಮುನಿದಾನ ಅಂತ ಊಟ ಬಿಡ್ತಿದ್ರು." ಕೈ ಒರೆಸಿಕೊಂಡ. "ಮಂದಿ ಹೋದ ಮ್ಯಾಲೆ ನೀವ ಹೇಳ್ತೀರಿ ಅಂತ ಮಾಡಿದ್ದೆ. ಒಂದು ವಾರ ಕಾದೆ. ಆಮ್ಯಾಲೆ ಬಿಟ್ಟುಬಿಟ್ಟೆ."

ನಾನು ಕೈ ಮುಗಿದೆ. ಅವನು ಆ ಕೈಗಳನ್ನು ನೋಡಲಿಲ್ಲ, ಟ್ರ್ಯಾಕ್ಟರಿನ ಕಡೆ ತಿರುಗಿದ.

"ಅವತ್ತ ಬಜಾರಿನ ಮಂದಿ ಮುಂದ ಹೇಳಿದ್ರಿ, ಅಣ್ಣಾರ. ಇವತ್ತ ಶೆಡ್ಡಿನಾಗ ಹೇಳಾಕತ್ತೀರಿ." ಸ್ಪ್ಯಾನರ್ ಕೈಗೆತ್ತಿಕೊಂಡು, "ಅವ್ವಾರಿಗೆ ಮಾತ್ರ ಹೇಳಬ್ಯಾಡ್ರಿ" ಅಂದ.

ಅವನ ಮಾತು ನಾಟಿತು. ಅದೇ ಸಂಜೆ ಚಾದಂಗಡಿಯಲ್ಲಿ ಎಲ್ಲರೂ ಇದ್ದಾಗ ನಿಂತುಕೊಂಡೇ ಹೇಳಿದೆ. ತಪ್ಪು ನಂದು, ಮೇಸ್ತ್ರಿಯದು ಒಂದು ನೂಲಿನಷ್ಟೂ ಇಲ್ಲ ಅಂದೆ. ಫೋನಿನಲ್ಲಿದ್ದ ಫೋಟೋವನ್ನೂ ತೆಗೆದು ತೋರಿಸಿದೆ. ಅದು ಎಲ್ಲರ ಕೈ ದಾಟಿ ಗೊಬ್ಬರದಂಗಡಿಯ ಗೆಳೆಯನ ಹತ್ತಿರ ಹೋಯಿತು. ಅವನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ.

"ಹೂವಿನಿಂದ ಇಂಜಿನ್ ಕೆಡ್ತೈತೇನಲೇ? ನಿಮ್ಮಪ್ಪ ಇರೋ ತನಕ ಲಾರಿ ಇಂಜಿನ್ ಮ್ಯಾಲೆ ಹೂವ ಇಟ್ಟಾನ. ಒಂದ ದಿನ ಕೆಟ್ಟಿತ್ತಾ?"

"ಅದು ಬ್ಯಾರೆ, ಇದು ಬ್ಯಾರೆಲೇ! ಇದಕ್ಕ ಬೆಲ್ಟು—"

"ದೇವರ ಹೂವಿನ ಮ್ಯಾಲೆ ತಪ್ಪು ಹಾಕಬ್ಯಾಡ, ಒಳ್ಳೇದಲ್ಲ" ಎಂದು ಮೂಲೆಯಿಂದ ಒಬ್ಬ ಹಿರಿಯರು ಗದರಿದರು.

ಗೆಳೆಯ ನನ್ನ ಬೆನ್ನು ತಟ್ಟಿ ಉಳಿದವರಿಗೆ ಹೇಳಿದ, "ನೋಡ್ರಿ, ಆ ಬಡಪಾಯಿ ಹೊಟ್ಟಿ ಮ್ಯಾಲೆ ಹೊಡೆದಂಗಾತು ಅಂತ ತಾನ ಮೈಮ್ಯಾಲೆ ಹಾಕ್ಕೊಳ್ಳಾಕತ್ಯಾನ. ಬಾಯಿ ಅಷ್ಟ ಕೆಟ್ಟದ್ದು, ಮನಸ್ಸು ಬಂಗಾರ ಇವಂದು."

"ಸುಳ್ಳಲ್ಲಲೇ! ನಾನ ಮಾಡಿದ್ದು, ನಾನ!" ಎಂದು ಟೇಬಲ್ಲಿಗೆ ಗುದ್ದಿದೆ. ನನ್ನ ಸಿಟ್ಟು ಅವರಿಗೆ ಹೊಸದೇ? ನಕ್ಕರು. ಆ ದಾರ ಇದ್ದಿದ್ದರೆ ಅವರ ಮುಖಕ್ಕೆ ಹಿಡಿಯುತ್ತಿದ್ದೆ. ಅದು ಕೂಡ್ಲಿಗಿ ರಸ್ತೆಯ ಜಾಲಿಯಲ್ಲಿ ಎಂದೋ ಮಣ್ಣಾಗಿದೆ. ಚಾದಂಗಡಿಯವನು ಎಲ್ಲರಿಗಿಂತ ಮೊದಲು ನನ್ನ ಮುಂದೆ ಚಾ ತಂದಿಟ್ಟ, "ದೊಡ್ಡವರ್ರಿ ನೀವು" ಎಂದು.

ಕುಡಿಯದೆ ಮನೆಗೆ ಬಂದೆ. ಅವ್ವ ಮಾಲೆ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಹಡಗಲಿಯ ದಾರ ಏನು ಮಾಡಬಲ್ಲದು ಎಂದು ಇಡೀ ಊರಿನಲ್ಲಿ ಬಲ್ಲವಳು ಅವಳೊಬ್ಬಳೇ. ನಾನು ಹೇಳಿದರೆ ನಂಬುವವಳೂ ಅವಳೊಬ್ಬಳೇ. ಅವಳಿಗೆ ಮಾತ್ರ ಹೇಳುವ ಹಾಗಿಲ್ಲ.

"ಎಲ್ಲಿಗೆ ಹೋಗಿದ್ದಿ?" ಅಂದಳು.

"ಹರಪನಹಳ್ಳಿಗೆ. ಆ ಮೇಸ್ತ್ರಿ ಹಂತ್ಯಾಕ."

ಅವಳ ಮುಖ ಅರಳಿತು. "ಹಬ್ಬಕ್ಕ ಊಟಕ್ಕ ಕರದಿ ಇಲ್ಲ? ಪಾಪ, ತಾಯಿ ಇಲ್ಲದ ಹುಡುಗ. ಕೆಲಸ ಬರದಿದ್ರ ಏನಾತು, ಗುಣ ಒಳ್ಳೇದೈತಿ, ಹೌದಿಲ್ಲ?"

ನಾನು ಅವಳ ಮುಂದೆ ನಿಂತು, "ಹೂಂ" ಅಂದೆ.